ಬಾಗದ ಕುತ್ತಿಗೆ

ಕೂರುವುದು ನನಗೆ ಎಂದೂ ಕಷ್ಟವಾಗಿರಲಿಲ್ಲ. ಕಷ್ಟವಾದದ್ದು ಏಳುವುದು.

ಅದು ಗೊತ್ತಾದದ್ದು ಕಾರವಾರದ ಭಾನುವಾರದ ಸಂತೆಯಲ್ಲಿ, ಮಳೆ ಹಿಡಿಯುವುದಕ್ಕೆ ಸ್ವಲ್ಪ ಮೊದಲು. ಹರಿವೆ ಸೊಪ್ಪಿನ ಕೊನೆಯ ಕಟ್ಟೂ ಹೋಗಿತ್ತು. ಗೋಣಿ ಕೊಡವಿ ಏಳೋಣ ಎಂದರೆ ಮೊಣಕಾಲು ಮಾತು ಕೇಳಲಿಲ್ಲ. ಅರ್ಧ ಎದ್ದೆ, ಕೂತೆ. ಮತ್ತೆ ಎದ್ದೆ, ಹಿಂದಕ್ಕೆ ಬಿದ್ದೆ.

“ಎಂತಾ ಆಯ್ತೇ ಹೀರಾ?” ಎಂದಳು ಪುಟ್ಟು. ಅವಳೂ ನನ್ನ ಹಾಗೆ ಅಂಕೋಲೆಯ ಬೊಬ್ರುವಾಡದವಳು. ಮದುವೆಯಾಗಿ ಬಂದ ಹೊಸದರಿಂದ ನಾವಿಬ್ಬರೂ ಸಂತೆಯಲ್ಲಿ ಪಕ್ಕಪಕ್ಕ ಗೋಣಿ ಹಾಸಿಕೊಂಡು ಬಂದವರು.

“ಎಂತಾ ಇಲ್ಲ. ಕಾಲಿಗೆ ಜೋಮು ಹಿಡದದೆ.”

“ಜೋಮು ಹಿಡದದ್ದು ಕಾಲಿಗಾದ್ರೆ ಮುಖ ಯಾಕೆ ಹಂಗೆ ಹಿಂಡ್ಕಂಡೆ?”

ಅವಳೊಂದು ಕಡೆ, ಬೆಂಡೆಕಾಯಿ ಆರಿಸುತ್ತಿದ್ದ ಯಾರೋ ಗಂಡಸು ಇನ್ನೊಂದು ಕಡೆ ಕಂಕುಳಿಗೆ ಕೈಕೊಟ್ಟು, ಗೆಣಸಿನ ಮೂಟೆ ಎತ್ತಿದ ಹಾಗೆ ನನ್ನನ್ನು ಎತ್ತಿ ನಿಲ್ಲಿಸಿದರು. ಸಂತೆ ಎಲ್ಲ ನೋಡಿತು. ಕರೆದುಕೊಂಡು ಹೋಗಲು ರಿಕ್ಷಾ ತಂದಿದ್ದ ನನ್ನ ಮಗ ವಿಕಾಸನೂ ನೋಡಿದ. ಬೊಬ್ರುವಾಡದವರೆಗೂ ರಿಕ್ಷಾ ಮೆಲ್ಲಗೆ ಓಡಿಸಿದ. ಅಂಗಳದಲ್ಲಿ ನನ್ನನ್ನು ಇಳಿಸಿದ ಮೇಲೆ ಹೇಳಿದ:

“ಇನ್ನು ಸಂತೆ ಸಾಕು ಆಯಿ. ನೀ ಬಿದ್ದು ಸೊಂಟ ಮುರಕಂಡ್ರೆ ಊರವ್ರು ನಂಗೆ ಎಂತಾ ಅಂತ್ರು?”

“ನಾ ತಾನಾಗೇ ಏಳುಕೆ ಬಂದ್ರೆ?”

“ಬಂದ್ರೆ ಹೋಗು. ಯಾರ ಕೈಯೂ ಹಿಡೀದೆ ಎದ್ದು ತೋರ್ಸು, ನಾನೇ ಬುಟ್ಟಿ ತಂದ್ಕೊಡ್ತೆ.”

ಸಿಟ್ಟಿನಲ್ಲಿ ಹೇಳಿದ್ದಲ್ಲ. ಹೆದರಿ ಹೇಳಿದ್ದು. ಆದರೆ ಸಂತೆ ಬಿಡಲು ನನ್ನಿಂದಾಗುತ್ತಿರಲಿಲ್ಲ. ಮನೆಯಲ್ಲಿ ನಾನು ವಿಕಾಸನ ತಾಯಿ, ಸೊಸೆ ನೀತಾಳ ಅತ್ತೆ. ಸಂತೆಯಲ್ಲಿ ಹರಿವೆ ಹೀರಾ. ಹೆಸರು ಹಿಡಿದು ಹುಡುಕಿಕೊಂಡು ಬರುವವರಿದ್ದಾರೆ. “ಹೋದ ವಾರದ ಸೌತೆ ಕಹಿ ಇತ್ತಲ್ಲೇ” ಎಂದು ಜಗಳಕ್ಕೆ ಬರುವವರೂ ಇದ್ದಾರೆ. ಜಗಳ ಮುಗಿಸಿ ಮತ್ತೆ ನನ್ನ ಹತ್ತಿರವೇ ಕೊಳ್ಳುತ್ತಾರೆ.

ಸಂತೆಯಲ್ಲಿ ಯಾರ ಜಾಗಕ್ಕೂ ಹೆಸರು ಬರೆದಿಲ್ಲ. ಬರುವಷ್ಟು ದಿನ ನಿಮ್ಮದು. ಬಾರದಿದ್ದರೆ ಪಕ್ಕದವಳು ತನ್ನ ಗೋಣಿಯನ್ನು ಸ್ವಲ್ಪ ಅಗಲ ಹಾಸಿ ಕಾಯುತ್ತಾಳೆ. ಎಷ್ಟು ದಿನ ಕಾಯಬಹುದು ಎನ್ನುವುದು ಅವಳ ಬಾಯಿಯ ಜೋರಿನ ಮೇಲೆ ಇದೆ. ಪುಟ್ಟುವಿನ ಬಾಯಿ ಜೋರೇ. ಆದರೂ ಚೌತಿಯ ವಾರ ಬಂದರೆ ಗಣಪತಿಯ ಮೇಲೆ ತೂಗುವ ಫಲಾವಳಿಗೆ ಕಟ್ಟುವ ಎಳೆಸೌತೆ, ಹೀರೆ, ಹಾಗಲ ಹಿಡಿದು ಎಲ್ಲ ಕಡೆಯ ಹೆಂಗಸರೂ ನುಗ್ಗುತ್ತಾರೆ. ಆಗ ಖಾಲಿ ಜಾಗವನ್ನು ಯಾರೂ ಕಾಯಲಾರರು. ಪುಟ್ಟು ಅದನ್ನು ಮೊದಲೇ ಹೇಳಿಬಿಟ್ಟಿದ್ದಳು.

ಕುರ್ಚಿ ಯಾಕಾಗಬಾರದು ಎಂದು ನೀವು ಕೇಳಬಹುದು. ನೀತಾಳೂ ಕೇಳಿದಳು. ಮರುವಾರ ನೀಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತದ್ದೂ ಆಯಿತು. ಕುರ್ಚಿಯಿಂದ ಕೈ ಸೊಪ್ಪಿಗೆ ಎಟಕುವುದಿಲ್ಲ. ಗಿರಾಕಿ ಬಗ್ಗಿ ಆರಿಸುತ್ತಿದ್ದರೆ ನಾನು ಮೇಲಿನಿಂದ ನೋಡುತ್ತ ಕೂತಿದ್ದೆ, ಕೂಲಿಯವರ ಕೆಲಸ ಕಾಯುವವಳ ಹಾಗೆ. ಬಂದವರೆಲ್ಲ ಪುಟ್ಟುವಿನ ಹತ್ತಿರ ಹೋದರು. ಅವಳಿಗೇ ಬೇಜಾರಾಗಿ, “ಇಳಿಯೇ ಮಾರಾಯ್ತಿ, ತಹಶೀಲ್ದಾರ ಬಂದ್ ಕೂತಂಗೆ ಕಾಣ್ತದೆ” ಎಂದಳು. ಇಳಿದರೆ ಏಳಲಾಗದು. ಹಾಗೆಯೇ ಮನೆಗೆ ಬಂದೆ.

ಮಳೆಗಾಲಕ್ಕೆ ಮಗಳು ರೂಪಾಲಿ ನನ್ನನ್ನು ಕಾರವಾರಕ್ಕೆ ಕರೆದುಕೊಂಡು ಹೋದಳು. ಅವಳ ಮನೆ ಹಬ್ಬುವಾಡದಲ್ಲಿ. ಡಾಕ್ಟರರು ಮೊಣಕಾಲು ಒತ್ತಿ, ಫೋಟೋ ತೆಗೆಸಿ, ಮೂಳೆ ಸ್ವಲ್ಪ ಸವೆದಿದೆ, ಈಗಲೇ ಆಪರೇಷನ್ ಬೇಡ, ತೊಡೆಗೆ ಬಲ ಬರಬೇಕು, ನಿಧಾನವಾಗಿ ಯೋಗ ಮಾಡಬಹುದು ಎಂದರು. ರೂಪಾಲಿಯ ಹಿಂದಿನ ಬೀದಿಯಲ್ಲಿ ಒಂದು ಮಹಡಿಯ ಮೇಲೆ ಹೊಸಬರಿಗೆ ಹಠಯೋಗ ಹೇಳಿಕೊಡುತ್ತಿದ್ದರು. ಅಲ್ಲಿಗೆ ಸೇರಿಸಿದಳು.

ಹೇಳಿಕೊಡುವ ಪ್ರಣತಿ ಯಲ್ಲಾಪುರದ ಕಡೆಯ ಹುಡುಗಿ, ಗಂಡನ ಕೆಲಸಕ್ಕಾಗಿ ಕಾರವಾರಕ್ಕೆ ಬಂದವಳು. ನನ್ನ ಮಗಳಿಗಿಂತ ಚಿಕ್ಕವಳು. ಆದರೆ ಹೇಳಿಕೊಡುವವರು ಅಕ್ಕೋರೇ. ಹಾಗೆಯೇ ಕರೆದೆ.

“ಅಕ್ಕೋರೆ, ಹಠಯೋಗ ಅಂದ್ರೆ ಹಠ ಮಾಡುದಾ? ಹಂಗಾದ್ರೆ ನಮ್ಮನೆ ಮೊಮ್ಮಗ ಈಗ್ಲೇ ದೊಡ್ಡ ಯೋಗಿ.”

ಅವಳು ನಕ್ಕಳು. “ಪ್ರಯತ್ನ ಅಂತ ತಿಳ್ಕೊಳಿ ಅಮ್ಮ. ಮೈಯಿಂದ ಶುರು ಮಾಡೂ ಯೋಗ ಇದು. ಮೊದಲು ಮೈ, ಅದರ ಜೊತೆ ಉಸಿರು. ಮನಸ್ಸು ಹಿಂದಿಂದ ತಾನೇ ಬರ್ತದೆ. ಆದ್ರೆ ಮೈ ಹತ್ರ ಜಗಳ ಆಡೂದಲ್ಲ. ಎಳೆದಂಗೆ ಆದ್ರೆ ಅಡ್ಡಿಲ್ಲ, ನೋವಾದ್ರೆ ನಿಲ್ಲಿಸ್ಬೇಕು. ಉಸಿರು ಕಟ್ಟಿದ್ರೂ ನಿಲ್ಲಿಸ್ಬೇಕು.”

ಮೊದಲನೆಯ ದಿನ ನಾನು ಮಾಡಿದ್ದಕ್ಕಿಂತ ನೋಡಿದ್ದೇ ಹೆಚ್ಚು. ಬೆಳಗ್ಗೆ ತಿಂಡಿ ತಿನ್ನದೆ ಬಂದ ಹೆಂಗಸರು ಚಾಪೆ ಹಾಸಿಕೊಂಡು, ಮನೆಯಲ್ಲಿ ಇಷ್ಟೊತ್ತಿಗೆ ಎಷ್ಟು ಕೆಲಸ ಬಿದ್ದಿದ್ದರೂ, ಸುಮ್ಮನೆ ಕಣ್ಣು ಮುಚ್ಚಿ ಉಸಿರು ಬರುವುದನ್ನೂ ಹೋಗುವುದನ್ನೂ ನೋಡುತ್ತ ಕೂತಿದ್ದರು. ಉಸಿರನ್ನು ಏನು ನೋಡುವುದು ಎಂದು ನನಗೆ ಆಶ್ಚರ್ಯ. ನೋಡಿದರೆ ನನ್ನ ಉಸಿರು ಎದೆಯಿಂದ ಕೆಳಗೆ ಇಳಿಯುತ್ತಲೇ ಇರಲಿಲ್ಲ. ಪ್ರಣತಿ ನನ್ನ ಕೈಯನ್ನು ನನ್ನ ಹೊಟ್ಟೆಯ ಮೇಲಿಟ್ಟು ಮಲಗಿಸಿ, ಕೈ ಏಳುವವರೆಗೆ ಮೆಲ್ಲಗೆ ಉಸಿರೆಳೆಯಿರಿ ಎಂದಳು. ಕೈ ಎದ್ದಾಗ ಯಾರದೋ ಹೊಟ್ಟೆ ಎದ್ದ ಹಾಗೆ ಅನಿಸಿತು.

ಆಮೇಲೆ ನಿಲ್ಲುವುದು. ಪಾದ ಜೋಡಿಸಿ, ಬೆನ್ನು ನೆಟ್ಟಗೆ ಮಾಡಿ, ಬೆಟ್ಟದ ಹಾಗೆ ನಿಲ್ಲುವುದು ತಾಡಾಸನವಂತೆ. ನಾನು ನಿಂತೆ. ಪ್ರಣತಿ ನನ್ನ ಸುತ್ತ ಒಂದು ಸುತ್ತು ಬಂದು, “ಎಲ್ಲಾರೂ ಇಲ್ಲಿ ನೋಡಿ. ನಿಲ್ಲೂದು ಅಂದ್ರೆ ಹೀಂಗೆ” ಎಂದಳು.

ಪಕ್ಕದ ಚಾಪೆಯಲ್ಲಿ ಅಂಚೆ ಕಚೇರಿಯಿಂದ ನಿವೃತ್ತರಾದ ವೈಜಯಂತಿಯವರಿದ್ದರು. “ಹೋಯ್, ಮೊದ್ಲ ದಿವ್ಸವೇ ಫಸ್ಟ್ ಕ್ಲಾಸೇನ್ರೀ!” ಎಂದರು.

ಸಣ್ಣಂದಿನಿಂದ ತಲೆಯ ಮೇಲೆ ಬುಟ್ಟಿ ಹೊತ್ತವಳು ನೆಟ್ಟಗೆ ನಿಲ್ಲದೆ ಇನ್ನೇನು? ಯೋಗ ಎಂದರೆ ಇಷ್ಟೇ ಆದರೆ ಜೂನ್ ಮುಗಿಯುವುದರೊಳಗೆ ಸಂತೆಯಲ್ಲಿರುತ್ತೇನೆ ಎಂದುಕೊಂಡೆ.

ಬಾಗುವ ಆಸನ ಬಂದಾಗ ನನ್ನ ಹಮ್ಮು ಇಳಿಯಿತು.

ಸೊಂಟದಿಂದ ಬಗ್ಗಿ, ಕೈಯನ್ನೂ ತಲೆಯನ್ನೂ ಕೆಳಗೆ ಜೋತುಬಿಡಬೇಕಿತ್ತು. ಮೊಣಕಾಲು ಬೇಕಾದರೆ ಸ್ವಲ್ಪ ಮಡಚಬಹುದು. ನಾನು ಬಗ್ಗಿದೆ.

“ತಲೆ ಬಿಡಿ ಅಮ್ಮ.”

“ಬಿಟ್ಟೆ.”

“ಬಿಟ್ಟಿಲ್ಲ.”

“ಬಿಟ್ಟೇ ಇದ್ದೆ ಅಕ್ಕೋರೆ, ಇನ್ನೆಲ್ಲಿ ಬಿಡುದು?”

ಅವಳು ಮೊಬೈಲಿನಲ್ಲಿ ವಿಡಿಯೋ ಮಾಡಿ ತೋರಿಸಿದಳು. ಬೆನ್ನು ಬಾಗಿತ್ತು. ಕುತ್ತಿಗೆ ಮಾತ್ರ ಆಮೆಯ ಹಾಗೆ ಮೇಲೆದ್ದು ಎದುರಿನ ಗೋಡೆ ನೋಡುತ್ತಿತ್ತು. ಅಷ್ಟೇ ಅಲ್ಲ, ನನ್ನ ಬಲಗೈ ನನಗೇ ತಿಳಿಯದ ಹಾಗೆ ಮೇಲೆ ಹೋಗಿ ತಲೆಯ ಪಕ್ಕ ನಿಂತಿತ್ತು. ವೈಜಯಂತಿಯವರು ನಗು ತಡೆಯಲಾಗದೆ ಚಾಪೆಯ ಮೇಲೆ ಕೂತುಬಿಟ್ಟರು. ನನಗೆ ನಗುವಿಗಿಂತ ಹೆಚ್ಚಾಗಿ ದಿಗಿಲಾಯಿತು. ನನ್ನ ಕುತ್ತಿಗೆಗೆ ಬೇರೆಯೇ ಒಬ್ಬ ಯಜಮಾನನಿದ್ದಾನೆ, ಇಷ್ಟು ವರ್ಷ ಅವನ ಪರಿಚಯವೇ ನನಗಿರಲಿಲ್ಲ!

ಅವತ್ತಿನಿಂದ ನಾನು ನನ್ನ ತಲೆಯನ್ನು ಕದ್ದು ನೋಡಲು ಶುರು ಮಾಡಿದೆ. ಮುಖ ತೊಳೆಯುವಾಗ ತಲೆ ಬಗ್ಗುವುದಿಲ್ಲ, ನೀರೇ ಮುಖಕ್ಕೆ ಬರುತ್ತದೆ. ಕೆಳಗೆ ಬಿದ್ದ ಚಮಚ ಎತ್ತಬೇಕಾದರೆ ಇಡೀ ಮೈ ಬಾವಿಗೆ ಇಳಿದ ಕೊಡದ ಹಾಗೆ ನೆಟ್ಟಗೆ ಕೆಳಗಿಳಿಯುತ್ತದೆ, ತಲೆ ಮಟ್ಟಸವಾಗಿಯೇ ಇರುತ್ತದೆ. “ಆಯಿ, ಎಂತಾ ಹುಡುಕ್ತೆ?” ಎಂದು ರೂಪಾಲಿ ಕೇಳಿದರೆ, “ನನ್ನ ತಲೆ” ಎನ್ನುತ್ತಿದ್ದೆ.

ಈ ನಡುವೆ ಒಂದು ತಪ್ಪು ಮಾಡಿದೆ. ಆಷಾಢ ಕಳೆಯುತ್ತ ಬಂದಿತ್ತು. ಪುಟ್ಟು ಫೋನು ಮಾಡಿದ್ದಳು. “ಬೆಳಂಬಾರದಿಂದ ಒಬ್ಳು ಬತ್ತಾಳೆ, ವಾರವಾರವೂ ನಿನ್ನ ಜಾಗಕ್ಕೇ ಕಣ್ಣು ಹಾಕ್ತಾಳೆ. ಯಾವಾಗ ಬತ್ತೆ ಹೇಳು.” ಅವಸರವಾಯಿತು. ಕ್ಲಾಸಿನಲ್ಲಿ ದಿಂಬಿಟ್ಟು ಸ್ವಲ್ಪ ಹೊತ್ತು ಮಾತ್ರ ಕೂರಿಸುತ್ತಿದ್ದ ವಜ್ರಾಸನವನ್ನು ನಾನು ಮನೆಯಲ್ಲಿ ದಿಂಬಿಲ್ಲದೆ, ಹಲ್ಲು ಕಚ್ಚಿಕೊಂಡು, ಟಿವಿಯ ಧಾರಾವಾಹಿ ಮುಗಿಯುವವರೆಗೆ ಕೂತೆ. ಗದ್ದೆ ಕೆಲಸದಲ್ಲಿ ನೋವಾದಷ್ಟೂ ಕೆಲಸ ಆದ ಲೆಕ್ಕ. ಇದೂ ಹಾಗೇ ಎಂದುಕೊಂಡೆ. ಮರುದಿನ ಮೊಣಕಾಲು ಬೆಲ್ಲದಚ್ಚಿನ ಹಾಗೆ ಊದಿತ್ತು.

ವಿಕಾಸ ಫೋನಿನಲ್ಲಿ, “ಕಂಡ್ಯಾ? ನಾ ಎಂತಾ ಹೇಳಿದ್ದೆ?” ಎಂದ. ಪ್ರಣತಿ ಗದರಲಿಲ್ಲ. ಅದೇ ಹೆಚ್ಚು ಬೇಜಾರಾಯಿತು.

“ನೀವು ನಂಗೆ ಒಂದ್ ಮಾತು ಹೇಳಿ ಅಮ್ಮ. ಇಷ್ಟು ಅವಸರ ಯಾಕೆ?”

ಹೇಳಿದೆ. ಸಂತೆ, ಜಾಗ, ಮಗನ ಮಾತು, ಚೌತಿ, ಎಲ್ಲ. ಅವಳು ಊದಿದ ಮೊಣಕಾಲನ್ನು ಮೆಲ್ಲಗೆ ಮುಟ್ಟಿ ನೋಡಿದಳು.

“ಚೌತಿಯೊಳಗೆ ಆಗ್ತದೆ ಅಂತ ನಾನು ಹೇಳೂದಿಲ್ಲ. ಸವೆದ ಮೂಳೆ ಯೋಗದಿಂದ ವಾಪಸ್ ಬರೂದಿಲ್ಲ. ಇರೂ ಬಲ ಹೆಚ್ಚಾಗ್ತದೆ, ಬಿಗಿ ಸಡಿಲ ಆಗ್ತದೆ, ಅಷ್ಟೇ. ಊತ ಇಳೀಲಿ. ಆಮೇಲೆ ನೀವು ಸಂತೇಲಿ ಹ್ಯಾಂಗೆ ಕೂರ್ತ್ರಿ, ಹ್ಯಾಂಗೆ ಏಳ್ತ್ರಿ, ಒಂದ್ಸಲ ತೋರ್ಸಿ.”

ಊತ ಇಳಿದ ಮೇಲೆ, ಕ್ಲಾಸು ಬಿಟ್ಟು ಎಲ್ಲರೂ ಹೋದ ಹೊತ್ತಿನಲ್ಲಿ, ಸದ್ಯಕ್ಕೆ ನೆಲ ಬೇಡ ಎಂದು ಅವಳಿಟ್ಟ ಗಿಡ್ಡ ಸ್ಟೂಲಿನ ಮೇಲೆ ಕೂತು, ಏಳಲು ಹೊರಟು ತೋರಿಸಿದೆ. ಅರ್ಧಕ್ಕೆ ನಿಂತೆ. ಹಿಂದಕ್ಕೆ ಕುಸಿದೆ. ಅವಳು ಪಕ್ಕದಿಂದ ನೋಡಿದಳು. ಇನ್ನೊಮ್ಮೆ ಮಾಡಿ ಎಂದಳು. ವೈಜಯಂತಿಯವರು ಮಾತ್ರ ಹೋಗಿರಲಿಲ್ಲ. ಅವರಿಗೆ ಇಂಥದ್ದನ್ನೆಲ್ಲ ಬಿಟ್ಟು ಹೋಗಲಾಗುವುದಿಲ್ಲ.

“ತುಂಬಿದ ಬುಟ್ಟಿ ಹೊತ್ಕೊಳ್ಳೂವಾಗ ಯಾರಾದ್ರೂ ಎತ್ತಿಕೊಡ್ತಿದ್ರಾ?” ಎಂದು ಪ್ರಣತಿ ಕೇಳಿದಳು.

“ಹೌದು. ನಾವು ಕುಕ್ಕರಗಾಲಲ್ಲಿ ಕೂತ್ಕಳ್ಳುದು, ಇನ್ನೊಬ್ಳು ತಲೆ ಮೇಲೆ ಇಡುದು. ಆಮೇಲೆ ಎದ್ಕಳ್ಳುದು.”

“ಏಳೂವಾಗ ತಲೆ?”

“ತಲೆ ಅಲ್ಲಾಡ್ಸಿದ್ರೆ ಬುಟ್ಟಿಲಿದ್ದ ಸೊಪ್ಪೆಲ್ಲ ನೆಲಕ್ಕೆ. ನೆಟ್ಟಗೆ ಮೇಲೆ ಬರ್ಬೇಕು, ಬಾವಿಂದ ಕೊಡಪಾನ ಎಳದಂಗೆ.”

ಅವಳು ಒಂದು ಚಾಪೆ ಸುತ್ತಿ ತನ್ನ ತಲೆಯ ಮೇಲೆ ಇಟ್ಟುಕೊಂಡು ಕುಕ್ಕರಗಾಲಿನಲ್ಲಿ ಕೂತಳು. ನೆಟ್ಟಗೆ ಏಳಲು ನೋಡಿದಳು. ತೊಡೆ ನಡುಗಿತು, ಚಾಪೆ ಉರುಳಿತು, ಅವಳೂ ಉರುಳಿದಳು. “ಅಯ್ಯೋ ಮಾರಾಯ್ತಿ!” ಎಂದರು ವೈಜಯಂತಿಯವರು. ಪ್ರಣತಿ ಬಿದ್ದಲ್ಲಿಂದಲೇ ಕಣ್ಣರಳಿಸಿ ನನ್ನನ್ನು ನೋಡಿದಳು.

“ಅಮ್ಮ, ಹೀಂಗೆ ನೆಟ್ಟಗೆ ಎದ್ರೆ ಭಾರ ಎಲ್ಲ ಮೊಣಕಾಲಿಗೇ ಬೀಳ್ತದೆ. ಸಣ್ಣೋರಿದ್ದಾಗ ನಿಮ್ಮ ತೊಡೆ ಅದನ್ನ ತಡ್ಕೊಂಡಿತ್ತು, ಈಗ ತಡ್ಕೊಳ್ಳೂದಿಲ್ಲ. ಬುಟ್ಟಿ ಈಗ್ಲೂ ಹೊರ್ತ್ರಾ?”

“ಇಲ್ಲಪ್ಪ, ಎಷ್ಟೋ ವರ್ಷ ಆಯ್ತು. ಈಗೆಲ್ಲ ರಿಕ್ಷಾದಲ್ಲಿ ಬರ್ತದೆ.”

“ನಿಮ್ಮ ಕುತ್ತಿಗೆಗೆ ಅದು ಗೊತ್ತಿಲ್ಲ.”

ಸ್ಟೂಲಿನ ಮೇಲೆ ಮತ್ತೆ ಕೂರಿಸಿದಳು. ಪಾದ ಹಿಂದಕ್ಕೆ ಎಳೆದುಕೊಳ್ಳಿ, ಉಸಿರು ಬಿಡುತ್ತ ಮುಂದಕ್ಕೆ ಬಾಗಿ, ಮೂಗು ಮೊಣಕಾಲಿಗಿಂತ ಮುಂದೆ ಹೋಗಲಿ, ಕಣ್ಣು ನೆಲ ನೋಡಲಿ ಎಂದಳು. ನನಗೆ ಮುಗ್ಗರಿಸುವ ಹೆದರಿಕೆ. ತಲೆಯ ಮೇಲೆ ಏನೂ ಇಲ್ಲದಿದ್ದರೂ ಏನೋ ಬಿದ್ದುಹೋಗುತ್ತದೆ ಎನ್ನುವ ಹೆದರಿಕೆ. ಮೂರ್ನಾಲ್ಕು ಸಲ ಕೈ ತಲೆಗೆ ಹೋಯಿತು. ಕೊನೆಗೊಮ್ಮೆ ಮೂಗು ಮುಂದೆ ಹೋಯಿತು, ಹಿಂಭಾಗ ತಾನಾಗಿ ಹಗುರಾಗಿ ಮೇಲೆದ್ದಿತು. ನಾನು ನಿಂತಿದ್ದೆ. ನಿಂತದ್ದು ನನಗೇ ತಡವಾಗಿ ಗೊತ್ತಾಯಿತು.

ಅದು ನಿಜವೋ ಕಾಕತಾಳೀಯವೋ ಎಂದು ನಾನು ಊರೆಲ್ಲ ಪರೀಕ್ಷೆ ಮಾಡಿದೆ. ಹಬ್ಬುವಾಡದ ರಸ್ತೆಯಲ್ಲಿ ಮಲಗುವ ದನಗಳನ್ನು ನೋಡುತ್ತ ನಿಂತೆ. ದನ ಏಳುವಾಗ ಮುಂಗಾಲು ಮಡಚಿಕೊಂಡೇ ತಲೆಯನ್ನು ಮುಂದಕ್ಕೆ ಬೀಸುತ್ತದೆ, ಆಗ ಹಿಂಭಾಗ ಏಳುತ್ತದೆ. ಬಸ್ಸಿನಲ್ಲಿ ಸೀಟಿನಿಂದ ಏಳುವವರನ್ನು ನೋಡಿದೆ. ಅಳಿಯ ಸಂದೇಶ ಸೋಫಾದಿಂದ ಚಹಾಕ್ಕೆ ಏಳುವುದನ್ನು ಎಷ್ಟು ಹತ್ತಿರದಿಂದ ನೋಡಿದೆನೆಂದರೆ ಅವನು ಒಳಗೆ ಹೋಗಿ ರೂಪಾಲಿಗೆ, “ಅತ್ತೆ ಯಾಕೆ ನನ್ನ ಹಂಗೆ ನೋಡ್ತ್ರು? ನಾ ಎಂತಾ ತಪ್ಪು ಮಾಡ್ದೆ?” ಎಂದನಂತೆ. ಎಲ್ಲರ ಮೂಗೂ ಮುಂದೆ ಹೋಗುತ್ತದೆ. ಲೋಕವೆಲ್ಲ ಹೀಗೆ ಏಳುತ್ತಿತ್ತು, ನಾನೊಬ್ಬಳು ನೋಡಿರಲಿಲ್ಲ.

ಆಮೇಲೆ ಆಸನಗಳು ಬೇರೆಯಾಗಿಯೇ ಕಂಡವು. ಕೈಕಾಲೂರಿ ಬೆಕ್ಕಿನ ಹಾಗೆ ಬೆನ್ನು ಏರಿಸಿ ಇಳಿಸುವ ಮಾರ್ಜಾಲಾಸನದಲ್ಲಿ, ಮೊಣಕಾಲ ಕೆಳಗೆ ಮಡಚಿದ ಕಂಬಳಿ ಇಟ್ಟುಕೊಂಡು, ಕುತ್ತಿಗೆಯನ್ನು ಸ್ವಲ್ಪಸ್ವಲ್ಪವೇ ಇಳಿಬಿಡಲು ಕಲಿತೆ. ಗೋಡೆ ಹಿಡಿದು ಒಂಟಿ ಕಾಲಿನಲ್ಲಿ ನಿಲ್ಲುವುದರಿಂದ ಪಾದಕ್ಕೆ ನೆಲದ ಗುರುತು ಸಿಕ್ಕಿತು. ಕೊನೆಯಲ್ಲಿ ಶವಾಸನದಲ್ಲಿ ಮಲಗಿದಾಗ ತಲೆಯ ಭಾರ ನೆಲಕ್ಕೆ ಬಿಟ್ಟುಕೊಡುವುದು ಎಲ್ಲಕ್ಕಿಂತ ಕಷ್ಟ. ಬಿಟ್ಟುಕೊಟ್ಟ ದಿನ ಮನೆಗೆ ಬಂದು ಮಧ್ಯಾಹ್ನ ಊಟದ ಮೇಲೆ ಮಗುವಿನ ಹಾಗೆ ನಿದ್ದೆ ಹೋದೆ. ವೈಜಯಂತಿಯವರು ಶವಾಸನದಲ್ಲೇ ಗೊರಕೆ ಹೊಡೆಯುತ್ತಿದ್ದರು. ತಮ್ಮ ಬಿಪಿ ಇಳಿದಿದೆ, ಇನ್ನು ಗುಳಿಗೆ ಬಿಡುತ್ತೇನೆ ಎಂದಾಗ ಪ್ರಣತಿ, “ಗುಳಿಗೆ ಬಿಡೂದು ಡಾಕ್ಟರ ಮಾತು, ನನ್ನ ಮಾತಲ್ಲ” ಎಂದಳು.

ಸ್ಟೂಲು ಗಿಡ್ಡವಾಗುತ್ತ ಹೋಯಿತು. ನೆಲ ಮಾತ್ರ ಉಳಿಯಿತು. ನೆಲದಿಂದ ನೇರ ಏಳಲು ನನ್ನ ತೊಡೆ ಒಪ್ಪಲಿಲ್ಲ. ಪ್ರಣತಿ ಬೇರೆ ದಾರಿ ತೋರಿಸಿದಳು. ಪಕ್ಕಕ್ಕೆ ವಾಲಿ, ಕೈ ಮೊಣಕಾಲು ಊರಿ, ಬೆಕ್ಕಿನ ಹಾಗೆ ನಿಂತು, ಒಂದು ಪಾದ ಮುಂದಿಟ್ಟು, ಆ ತೊಡೆಗೆ ಕೈಕೊಟ್ಟು, ಮೂಗು ಮುಂದೆ ಮಾಡಿ ಏಳುವುದು. ಕ್ಲಾಸಿನಲ್ಲಿ ಅದು ಬಂತು.

“ಆದ್ರೆ ಅಕ್ಕೋರೆ, ಸಂತೆಲಿ ಎಲ್ಲಾರ ಎದ್ರಿಗೆ ಅಂಡು ಮೇಲೆ ಮಾಡ್ಕಂಡು ನಾಲ್ಕು ಕಾಲಲ್ಲಿ ನಿಲ್ಲುದಾ?”

“ಬೇರೆ ದಾರಿ ನಂಗೆ ಗೊತ್ತಿಲ್ಲ ಅಮ್ಮ. ನಗೂರು ನಗ್ತ್ರು.”

ಆ ವಾರವೆಲ್ಲ ಅದೇ ಯೋಚನೆ. ಮೂಟೆಯ ಹಾಗೆ ಎತ್ತಿಸಿಕೊಳ್ಳುವುದು ಹೆಚ್ಚು ನಾಚಿಕೆಯೋ, ಬೆಕ್ಕಾಗುವುದು ಹೆಚ್ಚು ನಾಚಿಕೆಯೋ? ಸೀರೆಯ ಕಚ್ಚೆ ಬಿಗಿಯಾಗಿ ಕಟ್ಟಬೇಕು ಎನ್ನುವುದೊಂದೇ ತೀರ್ಮಾನವಾಯಿತು.

ಚೌತಿಯ ಹಿಂದಿನ ಭಾನುವಾರ ವಿಕಾಸ ಬೊಬ್ರುವಾಡದಿಂದ ರಿಕ್ಷಾದಲ್ಲಿ ಎಳೆಸೌತೆ, ಹೀರೆ, ಹರಿವೆ ತಂದು ಇಳಿಸಿದ. ನಾನು ಎದ್ದು ತೋರಿಸುವ ಮೊದಲೇ ಬುಟ್ಟಿ ತಾನೇ ಹೊತ್ತು ತಂದಿದ್ದ. “ಎದ್ರೆ ಸಂತೆ ನಿಂದು, ಇಲ್ಲಾದ್ರೆ ಇದೇ ಕೊನೆ” ಎಂದ. ಬೆಳಂಬಾರದವಳು ನನ್ನ ಜಾಗದ ಅಂಚಿಗೆ ಆಗಲೇ ಗೋಣಿ ಹಾಸಿ ಕೂತಿದ್ದಳು. ಪುಟ್ಟು ಅವಳಿಗೆ, “ಆಚೆ ಸರಿಯೇ ಮಾರಾಯ್ತಿ, ಜಾಗದ ಹೆಂಗಸು ಬಂತು” ಎಂದಳು. ಅವಳು ಒಂದು ಗೇಣು ಸರಿದಳು, ಎರಡನೆಯ ಗೇಣು ಸರಿಯಲಿಲ್ಲ. ನಾನು ಎಷ್ಟು ಹೊತ್ತು ಇರುತ್ತೇನೆ ಎಂದು ನೋಡುವ ಲೆಕ್ಕ ಅವಳದು.

ಕೂತೆ. ಗಿರಾಕಿಗಳು ಬಂದರು. “ಸತ್ತೇ ಹೋದ್ಯೇನೋ ಅಂದ್ಕಂಡಿದ್ದೆ” ಎಂದು ಒಬ್ಬರು ಪ್ರೀತಿಯಿಂದ ಹೇಳಿ ಹರಿವೆ ಒಯ್ದರು. ಮಳೆ ಬಂತು, ತಾಡಪಾಲಿನ ಮೇಲೆ ನಿಂತ ನೀರನ್ನು ಪುಟ್ಟು ಕೋಲಿನಿಂದ ತಳ್ಳಿದಳು, ಮಳೆ ಹೋಯಿತು. ಬುಟ್ಟಿ ಖಾಲಿಯಾಗುತ್ತ ಬಂದಂತೆ ಕಚ್ಚೆ ಬಿಗಿಯಾಗಿದೆಯೇ ಎಂದು ಮತ್ತೆ ಮತ್ತೆ ಮುಟ್ಟಿ ನೋಡಿಕೊಂಡೆ.

ವಿಕಾಸ ಎದುರಿನ ಅಂಗಡಿಯ ಸೂರಿನಡಿ ನಿಂತಿದ್ದ. ಪುಟ್ಟು ಅಭ್ಯಾಸದಿಂದ ಕೈ ಚಾಚಿದಳು.

“ಬೇಡ. ಸುಮ್ನೆ ಕೂತ್ಕೋ.”

“ಬೀಳ್ತೆ ಮಾರಾಯ್ತಿ.”

“ಬಿದ್ರೆ ಎತ್ತು.”

ಹೊಟ್ಟೆಯವರೆಗೆ ಉಸಿರು ತೆಗೆದುಕೊಂಡೆ. ಪಕ್ಕಕ್ಕೆ ವಾಲಿ, ಮಡಚಿದ ಗೋಣಿಯ ಮೇಲೆ ಮೊಣಕಾಲೂರಿ, ನಾಲ್ಕು ಕಾಲಿನಲ್ಲಿ ನಿಂತೆ. ಬೆಳಂಬಾರದವಳು ಕಿಸಕ್ಕೆಂದಳು. ಹಿಂದಿನಿಂದ ಯಾವುದೋ ಹುಡುಗಿ, “ಅಮ್ಮಾ ಅಜ್ಜಿ ನೋಡು!” ಎಂದಳು. ಕುತ್ತಿಗೆ ಅಲ್ಲೇ ಬಿಗಿಯಿತು. ಎಲ್ಲರನ್ನೂ ನೋಡಬೇಕು, ಯಾರು ನಗುತ್ತಿದ್ದಾರೆ ತಿಳಿಯಬೇಕು ಎಂದು ತಲೆ ಮೇಲಕ್ಕೇ ಹೋಯಿತು. ಪಾದ ಮುಂದಿಟ್ಟು ಎದ್ದೆ, ಅರ್ಧಕ್ಕೆ ತೊಡೆ ನಡುಗಿತು, ಮತ್ತೆ ಗೋಣಿಯ ಮೇಲೆ ಮೊಣಕಾಲೂರಿದೆ. ವಿಕಾಸ ಸೂರಿನಡಿಯಿಂದ ಎರಡು ಹೆಜ್ಜೆ ಮುಂದೆ ಬಂದದ್ದು ಕಂಡಿತು.

ನೋಡುವುದಾದರೆ ಏಳಲಾಗುವುದಿಲ್ಲ, ಏಳುವುದಾದರೆ ನೋಡಲಾಗುವುದಿಲ್ಲ. ಅಷ್ಟು ಅರ್ಥವಾಯಿತು. ನಗುವವರು ನಗಲಿ ಎಂದು ತಲೆ ಇಳಿಬಿಟ್ಟೆ. ಸಂತೆ ಮರೆಯಾಗಿ, ಹರಿವೆಯ ಒಂದು ಕೆಂಪೆಲೆ, ಒದ್ದೆ ಸಿಮೆಂಟು, ನನ್ನ ಹೆಬ್ಬೆರಳು ಮಾತ್ರ ಕಂಡವು. ಉಸಿರು ಬಿಟ್ಟೆ. ತೊಡೆಗೆ ಕೈಕೊಟ್ಟು ಮೂಗು ಮುಂದೆ ಮಾಡಿದೆ.

ತಲೆಯೆತ್ತಿದಾಗ ನಿಂತಿದ್ದೆ. ವಿಕಾಸ ಹತ್ತಿರ ಬಂದಿದ್ದವನು ಚಾಚಿದ ಕೈಯಿಂದ ಏನು ಮಾಡುವುದೆಂದು ತಿಳಿಯದೆ ಖಾಲಿ ಬುಟ್ಟಿ ಎತ್ತಿಕೊಂಡ. “ಮುಂದಿನ ವಾರ ಗೆಣಸು ತರುದಾ?” ಎಂದು ಕೇಳಿದ. ಬೆಳಂಬಾರದವಳು ತನ್ನ ಗೋಣಿಯನ್ನು ಇನ್ನೊಂದು ಗೇಣು ಆಚೆಗೆ ಎಳೆದುಕೊಂಡಳು.

ಪುಟ್ಟು ಮಾತ್ರ ಗಿರಾಕಿಗೆ ಸೌತೆ ಕೊಡುತ್ತ ಆ ಕಡೆ ತಿರುಗಿದ್ದಳು.

“ಏ, ಎದ್ಯಾ? ಹ್ಯಾಂಗೆ ಎದ್ದೆ? ನಾ ಕಂಡಿಲ್ಲ. ಇನ್ನೊಂದ್ಸಲ ಮಾಡೇ.”

ವಿಕಾಸ ರಿಕ್ಷಾ ಶುರು ಮಾಡಿ ಹಾರ್ನ್ ಹೊಡೆಯುತ್ತಿದ್ದ. ನಾನು ಮತ್ತೆ ಕೂತೆ.